ಚಿಪ್ಪಿನ ತಳ

ಕೂಟರ್ ಲ್ಯಾಂಡಿಂಗ್, ಫ್ಲಾರಿಡಾ
ಫೆಬ್ರವರಿ ೧೯, ಬುಧವಾರ ಮಧ್ಯಾಹ್ನ

ನನ್ನ ಮುದ್ದು ಮುದ್ದು ಅಮ್ಮಾ,

ಲೂರ್ಲೀನ್ ದೊಡ್ಡಮ್ಮನ ಸೊಂಟ ಹೇಗಿದೆ? ಕೋಲಿಲ್ಲದೆ ನಡೆಯುತ್ತಿದ್ದಾಳಾ? ಫೋನು ಬಿಟ್ಟು ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡ. ಫೋನಿನಲ್ಲಾದರೆ ದೊಡ್ಡಮ್ಮ, "ಸ್ಪೀಕರ್ ಹಾಕೇ, ನಾನೂ ಕೇಳ್ತೀನಿ" ಅನ್ನುತ್ತಾಳೆ. ಇದು ಅವಳು ಕೇಳುವಂಥದ್ದಲ್ಲ.

ಮೊದಲು ಒಳ್ಳೆಯದನ್ನೆಲ್ಲ ಹೇಳಿಬಿಡುತ್ತೇನೆ. ಅಡುಗೆಮನೆಗೆ ಹಳದಿ ಪರದೆ ಹಾಕಿದ್ದೇನೆ, ಬೆಳಿಗ್ಗೆ ಇಡೀ ಮನೆ ಬೆಣ್ಣೆಯಲ್ಲಿ ಅದ್ದಿದ ಹಾಗಿರುತ್ತದೆ! ಸ್ನಾನ ಮಾಡುವಾಗ "ಮಿಸೆಸ್ ಸ್ಟ್ರಿಕ್‌ಲಂಡ್, ಮಿಸೆಸ್ ಸ್ಟ್ರಿಕ್‌ಲಂಡ್" ಎಂದು ನನ್ನನ್ನು ನಾನೇ ಕರೆದುಕೊಳ್ಳುತ್ತೇನೆ. ನಾನು ತಳ ಹಿಡಿಸಿದ ಜೋಳದ ಗ್ರಿಟ್ಸ್ ಗಂಜಿಯನ್ನು ನನ್ನ ಗಂಡ ಕೋಲ್ಬಿ ಕೆರೆದು ಕೆರೆದು ತಿಂದು, "ಹೊಗೆ ಹಾಕಿದ ಗ್ರಿಟ್ಸು ಕಣೇ, ದೊಡ್ಡ ಹೋಟೆಲಲ್ಲಿ ಇದಕ್ಕೆ ಜನ ಸಾಲು ನಿಲ್ತಾರೆ" ಅನ್ನುತ್ತಾನೆ. ಇಂಥವನನ್ನು ಹೇಗಮ್ಮಾ ಪ್ರೀತಿಸದೆ ಇರುವುದು?

ಈಗ ಇನ್ನೊಂದು. ಅಪ್ಪನ ಚಿಪ್ಪಿನ ತಳವನ್ನು ನಾನೇ ಬಯಲು ಮಾಡಿದೆ ಎಂದು ಅಪ್ಪನ ಹಾಗೆ, ಕೋಲ್ಬಿಯ ಹಾಗೆ ಕೆರೆಯಲ್ಲಿ ಗಿರಾಕಿಗಳಿಗೆ ಮೀನು ಹಿಡಿಸುವ ಗೈಡ್‌ಗಳೆಲ್ಲ ಮಾತಾಡುತ್ತಿದ್ದಾರೆ. ಆ ಮಾತು ನೀನಿರುವ ವಾಲ್ಡೋಸ್ಟಕ್ಕೆ ಬಂದು ಮುಟ್ಟುವ ಮೊದಲು ನಿಜ ಏನೆಂದು ನಿನಗೊಬ್ಬಳಿಗೆ ಹೇಳಬೇಕು.

ಮದುವೆಯಾದ ಮರುವಾರ ಅಪ್ಪ ನನ್ನೊಬ್ಬಳನ್ನೇ ದೋಣಿಯಲ್ಲಿ ಕರೆದುಕೊಂಡು ಹೋದ. ಮೂವತ್ತು ವರ್ಷ ಸಂಸಾರ ಮಾಡಿದ ನಿನಗೂ ತೋರಿಸದ ಜಾಗಕ್ಕೆ! ನನ್ನ ಫೋನನ್ನು ಗಿರಾಕಿಗಳ ಫೋನಿನ ಹಾಗೆಯೇ ದೋಣಿಕಟ್ಟೆಯ ಮೇಲಿನ ಬಕೆಟ್ಟಿಗೆ ಹಾಕಿಸಿದ. "ಮಗಳಾದ್ರೂ ಅಷ್ಟೇ, ಅಧ್ಯಕ್ಷರಾದ್ರೂ ಅಷ್ಟೇ" ಅಂದ. ಜೊಂಡಿನ ಅಂಚಿಗೆ ಹೋದಮೇಲೆ ಮೋಟಾರು ಎತ್ತಿಟ್ಟು ಗಳ ಊರಿ ತಳ್ಳಿದ. ಮೋಟಾರಿನಲ್ಲಿ ಹೋದರೆ ಕಳೆ ಕತ್ತರಿಸಿ ನೀರಿನ ಮೇಲೆ ದಾರಿ ಬೀಳುತ್ತದೆ, ವಾರಗಟ್ಟಲೆ ಮುಚ್ಚುವುದಿಲ್ಲ, ಕಂಡವರೆಲ್ಲ ಹಿಂದೆಯೇ ಬರುತ್ತಾರೆ. ಎಲ್ಲಿ ಚುಚ್ಚಿದರೂ ಗಳ ಕೆಸರಿನಲ್ಲಿ ಮೆತ್ತಗೆ ಇಳಿಯುತ್ತಿತ್ತು. ಒಂದು ಕಡೆ ಟಕ್ ಎಂದಿತು. ಅಮ್ಮಾ, ನನ್ನ ಮೈ ಜುಂ ಎಂದಿತು! ಹಳೇ ಚಿಪ್ಪುಗಳು ಗಟ್ಟಿಯಾಗಿ ಕೂತ ತಳ, ನಮ್ಮ ಅಡುಗೆಮನೆಗಿಂತ ದೊಡ್ಡದಿಲ್ಲ. ಸುತ್ತ ಮೈಲಿಗಟ್ಟಲೆ ಕೆಸರಿರುವ ಕೆರೆಯಲ್ಲಿ ದೊಡ್ಡ ಬಾಸ್ ಮೀನುಗಳು ಮೊಟ್ಟೆಯಿಡಲು ಪ್ರತಿ ವರ್ಷ ಅಲ್ಲಿಗೇ ಬರುತ್ತವೆ. ಕಳೆ ಸರಿಸಿ ನೋಡಿದರೆ, ನನ್ನ ತೋಳಿನಷ್ಟು ಉದ್ದದ ಒಂದು ಹೆಣ್ಣು ಮೀನು ಕದಲದೆ ನಿಂತಿತ್ತು. "ಇದು ನಿನ್ನ ಪಾಲು ಪುಟ್ಟಿ" ಅಂದ ಅಪ್ಪ. ನಾನು ಅತ್ತುಬಿಟ್ಟೆ.

ಆ ದಿನ ನನ್ನ ಕೈಯಲ್ಲಿ ಕೋಲ್ಬಿ ಕೊಟ್ಟ ಮದುವೆಯ ಉಡುಗೊರೆ ಇತ್ತು, ಆ ಗುಲಾಬಿ ಪಟ್ಟಿಯ ಗಡಿಯಾರ. ಕಟ್ಟೆಯ ಮೇಲೆ ತಾನೇ ಕಟ್ಟಿ, ಮಣಿಕಟ್ಟಿಗೆ ಮುತ್ತಿಟ್ಟು, "ನಿನ್ನ ಎದೆಬಡಿತ ಎಣಿಸತ್ತೆ, ನಾನು ಜೊತೇಲಿ ಇಲ್ದಾಗ ಎಷ್ಟಿಳಿಯತ್ತೆ ನೋಡ್ಬೇಕು" ಎಂದು ನಕ್ಕಿದ್ದ. ಬಕೆಟ್ಟಿಗೆ ಫೋನು ಹಾಕಿಸಿಕೊಂಡ ಅಪ್ಪನಿಗೆ ಗಡಿಯಾರವನ್ನೂ ಬಿಚ್ಚಿಸಬೇಕೆಂದು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಆಮೇಲೆ ಮೀನು ಹಿಡಿದು ತೂಗುವ ಪಂದ್ಯ. ಕೋಲ್ಬಿಯ ಐದು ಮೀನುಗಳು ತಕ್ಕಡಿಗೆ ಬಂದಾಗ ಜನ ಕೂಗಿದ್ದು ನಿನಗೆ ಅಲ್ಲಿಗೂ ಕೇಳಿರಬೇಕು! ನಾನು ಎಲ್ಲರೆದುರೇ ಅವನ ಕುತ್ತಿಗೆಗೆ ಜೋತುಬಿದ್ದೆ. ಆದರೆ ಅಪ್ಪ ಮೀನಿನ ಬಾಲ ನೋಡುತ್ತಿದ್ದ. ಬಾಲದ ಅಂಚು ಸವೆದು ರಕ್ತ ಒಸರುತ್ತಿತ್ತು. ಮೆತ್ತನೆ ಕೆಸರಿನಲ್ಲಿ ಬಾಲದಿಂದ ಗೂಡು ಗುಡಿಸಿದ ಮೀನಿಗೆ ಹಾಗಾಗುವುದಿಲ್ಲವಂತೆ, ಗಟ್ಟಿ ಚಿಪ್ಪಿನ ಮೇಲೆ ಗುಡಿಸಿದರೆ ಮಾತ್ರವಂತೆ.

ಮರುದಿನ ಅಪ್ಪ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ಯಾರಿಗೆ ಹೇಳ್ದೆ?"

"ಯಾರಿಗೂ ಇಲ್ಲಪ್ಪಾ, ಆಣೆಗೂ ಇಲ್ಲ."

"ಜೊಂಡಿಂದ ನೇರ ಅಲ್ಲಿಗೇ ಮೋಟಾರಿನ ದಾರಿ ಬಿದ್ದಿದೆ, ಹೆದ್ದಾರಿ ಥರ. ಹಿಡಿದ ಮೀನನ್ನ ಅದರ ಗೂಡಿಗೇ ಬಿಡೋನು ನಾನು. ನಿನ್ನ ಗಂಡ ಐದನ್ನೂ ತೂಕ ಹಾಕಿ ಇಲ್ಲೇ ಕಟ್ಟೆ ಹತ್ರ ಬಿಟ್ಟ. ಅಲ್ಲಿ ಮೊಟ್ಟೆ ಕಾಯೋಕೆ ಒಂದು ಗಂಡು ಮೀನೂ ಇಲ್ಲ, ಚಿಲ್ಲರೆ ಮೀನುಗಳು ಹಬ್ಬದೂಟ ಮಾಡ್ತಿವೆ."

ಅಷ್ಟು ಹೇಳಿ ಹೊರಟುಹೋದ. ನಾನು ಕೋಲ್ಬಿಯನ್ನು ಕೇಳಿದೆ. ಅವನು ಬೂಟು ಬಿಚ್ಚುತ್ತ, ಏನೂ ಅಲ್ಲವೆಂಬಂತೆ ಹೇಳಿಬಿಟ್ಟ.

"ನಾನೇನು ಕದ್ದೆನಾ? ಗಡಿಯಾರ ಹೋದ ದಾರಿಯೆಲ್ಲ ತಾನೇ ಬರ್ಕೊಳ್ಳತ್ತೆ. ನನ್ನ ಫೋನಿಗೆ ಬಂತು, ನೋಡ್ದೆ. ಕೆರೆಗೇನು ನಿಮ್ಮಪ್ಪ ಬೇಲಿ ಹಾಕಿದ್ದಾನಾ? ಹೇಗಿದ್ರೂ ಮುಂದೆ ಆ ಜಾಗ ನಮ್ಮದೇ ತಾನೇ, ಚಿನ್ನ."

"ಅದಕ್ಕೇ ಕೊಟ್ಟೆಯಾ ಆ ಗಡಿಯಾರ?"

"ಅಯ್ಯೋ ಹುಚ್ಚಿ, ಪ್ರೀತಿಗೆ ಕೊಟ್ಟೆ. ಇದೂ ಆಯ್ತು."

ಇದೂ ಆಯ್ತು! ಆದರೂ ಅಮ್ಮಾ, ನಾನು ಅವನನ್ನು ನಂಬಿದೆ. ಉಡುಗೊರೆ ಕೊಡುವಾಗ ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ, ಗೆಲ್ಲುವ ಆಸೆ ಆಮೇಲೆ ಹುಟ್ಟಿತು, ಒಂದೇ ಒಂದು ಸಲ ಕಾಲು ಜಾರಿತು ಎಂದು ನನಗೆ ನಾನೇ ಹೇಳಿಕೊಂಡೆ. ಮದುವೆಯ ಕೇಕು ಇನ್ನೂ ಫ್ರಿಜ್ಜಿನಲ್ಲಿದೆ. ನನ್ನ ಗಂಡ ಕಳ್ಳ ಎಂದು ಅಪ್ಪನಿಗೆ ಹೇಗೆ ಹೇಳಲಿ? ಅದಕ್ಕೇ ಮೊನ್ನೆ ಸೋಮವಾರ ಅಪ್ಪನ ಮನೆಗೆ ಹೋಗಿ, ನಾನೇ ಹೇಳಿದೆ, ಪ್ರೀತಿಯ ಅಮಲಿನಲ್ಲಿ ಬಾಯಿ ಜಾರಿತು ಎಂದೆ. ನನ್ನ ಮರ್ಯಾದೆ ಹೋದರೂ ಅವನದು ಉಳಿಯಲಿ ಎಂದು.

ಅಪ್ಪ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ನನ್ನನ್ನು ತುಂಬ ಹೊತ್ತು ನೋಡಿ, ಕಾಫಿ ಬಗ್ಗಿಸಿಕೊಟ್ಟ. "ಹೊಸ ಹೆಂಡ್ತಿ ಬಾಯಿಗೆ ಬೀಗ ಹಾಕೋಕಾಗಲ್ಲ, ನಿಮ್ಮಮ್ಮ ನಮ್ಮ ಮದುವೆಯಾದ ವಾರದಲ್ಲೇ ನನ್ನ ಗೊರಕೆ ವಿಷಯ ಚರ್ಚಿಗೆಲ್ಲ ಹಂಚಿದ್ಲು" ಅಂದ. ನಾನು ಅಳುತ್ತಲೇ ನಕ್ಕೆ. ಆಮೇಲೆ ಅಂದ: "ಇನ್ನೊಂದು ಜಾಗ ಇದೆ, ಇದಕ್ಕಿಂತ ದೊಡ್ಡದು. ಗುರುವಾರ ಬಾ, ತೋರಿಸ್ತೀನಿ."

ಕ್ಷಮಿಸಿಬಿಟ್ಟ ಅಮ್ಮಾ! ಕುಣಿದುಕೊಂಡು ಮನೆಗೆ ಬಂದೆ. ಕೋಲ್ಬಿಯನ್ನು ತಬ್ಬಿಕೊಂಡು ಎಲ್ಲ ಹೇಳಿದೆ. ನಿನಗಾಗಿ ಸುಳ್ಳು ಹೇಳಿದೆ ಎಂದೆ, ಅಪ್ಪ ಕ್ಷಮಿಸಿದ ಎಂದೆ, ಗುರುವಾರದ ವಿಷಯವನ್ನೂ ಹೇಳಿದೆ. ಅವನು ನನ್ನ ಕಣ್ಣು ಒರೆಸುತ್ತಾನೆ, "ನಾನೇ ಹೋಗಿ ಮಾವನಿಗೆ ತಪ್ಪಾಯ್ತು ಅಂತೀನಿ" ಅನ್ನುತ್ತಾನೆ ಎಂದು ಕಾದೆ. ಅವನು ನನ್ನ ತಲೆ ಸವರಿ, "ಮುದುಕ ಪರವಾಗಿಲ್ವಲ್ಲ" ಅಂದ.

ಇವತ್ತು ಬೆಳಿಗ್ಗೆ ಗಿರಾಕಿಗಳನ್ನು ಕರೆದುಕೊಂಡು ಕೆರೆಗೆ ಹೊರಡುವ ಮುಂಚೆ ಕೋಲ್ಬಿ ನನ್ನ ಗಡಿಯಾರವನ್ನು ತಾನೇ ಹುಡುಕಿ ಚಾರ್ಜಿಗೆ ಹಾಕಿದ. "ನಾಳೆ ದಿನಪೂರ್ತಿ ಚಾರ್ಜು ಬರ್ಬೇಕಲ್ಲ" ಅಂದ. ನನ್ನ ಹಣೆಗೆ ಮುತ್ತಿಟ್ಟ. ಶಿಳ್ಳೆ ಹಾಕುತ್ತ ಹೋದ.

ನಾನು ಅಲ್ಲೇ ನಿಂತಿದ್ದೆ. ಒಂದು ಸಲ ಕಾಲು ಜಾರಿದ್ದಲ್ಲ ಅಮ್ಮಾ. ಕಟ್ಟೆಯ ಮೇಲೆ ನನ್ನ ಮಣಿಕಟ್ಟಿಗೆ ಮುತ್ತಿಟ್ಟಾಗ ಅವನು ಏನನ್ನು ನೋಡುತ್ತಿದ್ದ ಎಂದು ಈಗ ಯೋಚಿಸುತ್ತಿದ್ದೇನೆ. ಹಿಂದಿನ ವರ್ಷ ಗಾಳದ ಎರೆ ಮಾರುವ ಬೇಟ್ ಅಂಗಡಿಯಲ್ಲಿ ಮೊದಲ ಸಲ, "ನೀನು ಆ ಮುದುಕ ಗೈಡ್ ಮಗಳಲ್ವಾ?" ಎಂದು ಕೇಳಿದ್ದನಲ್ಲ, ನಾನು ಕೆಂಪಾಗಿ ಹೌದು ಅಂದಿದ್ದೆನಲ್ಲ, ಅಲ್ಲಿಂದ ಎಲ್ಲವನ್ನೂ ಮತ್ತೆ ಯೋಚಿಸಬೇಕಾಗಿದೆ. ಯಾವುದು ನನಗೆ ಕೊಟ್ಟದ್ದು, ಯಾವುದು ಅಪ್ಪನ ಮಗಳಿಗೆ?

ನಾಳೆ ಗಡಿಯಾರ ಕಟ್ಟದೆ ಬರಿಗೈಯಲ್ಲಿ ಹೋಗಿ ಅಪ್ಪನಿಗೆ ನಿಜ ಹೇಳುತ್ತೇನೆ. ಅಪ್ಪನಾದರೂ ನನ್ನವನಾಗಿಯೇ ಉಳಿದಿದ್ದಾನಲ್ಲ, ಅದೇ ಸಮಾಧಾನ. ಈ ಕಾಗದವನ್ನು ಹಿಂದಿರುಗುವಾಗ ಅಂಚೆಗೆ ಹಾಕುತ್ತೇನೆ.

ದೊಡ್ಡಮ್ಮನಿಗೆ ಮುತ್ತು, ನಿನಗೆ ಲೆಕ್ಕವಿಲ್ಲದಷ್ಟು.

ನಿನ್ನ
ರೇನೆಲ್

ತಾ.ಕ.: ಗುರುವಾರ. ಅಪ್ಪನಿಗೆ ಎಲ್ಲ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಸೋಮವಾರವೇ ಗೊತ್ತಾಯ್ತು ಪುಟ್ಟಿ, ನಿಂಗೆ ಸುಳ್ಳು ಹೇಳೋಕೆ ಬರಲ್ಲ" ಅಂದ. ಹಾಗಾದರೆ ಇನ್ನೊಂದು ಜಾಗ ಎಲ್ಲಿ ಎಂದು ಕೇಳಿದೆ. ಅಂಥ ಜಾಗವೇ ಇಲ್ಲವಂತೆ. ಕೋಲ್ಬಿ ಮತ್ತೆ ಬಾಯಿ ಹಾಕುತ್ತಾನೋ ಇಲ್ಲವೋ ನೋಡಬೇಕಿತ್ತಂತೆ, ಅದಕ್ಕೆ ನನ್ನ ಕೈಯಲ್ಲಿ ಆ ಮಾತನ್ನು ಎರೆಯ ಹಾಗೆ ಕಳಿಸಿದನಂತೆ. "ನೋಡ್ದ್ಯಾ, ಬಾಯಿ ಹಾಕ್ದ" ಎಂದು ತೊಡೆ ತಟ್ಟಿ ನಕ್ಕ. ಕ್ಷಮಿಸಿದ್ದು ನಿಜವಾ ಎಂದು ನಾನು ಕೇಳಲಿಲ್ಲ. ಉತ್ತರ ಬರೆಯಬೇಡ ಅಮ್ಮಾ, ಇಲ್ಲಿಗೂ ಬೇಡ, ಅಪ್ಪನ ಮನೆಗೂ ಬೇಡ. ಶನಿವಾರದ ಬಸ್ಸಿಗೆ ಬರುತ್ತಿದ್ದೇನೆ. ದೊಡ್ಡಮ್ಮನ ಸೋಫಾದ ಮೇಲೆ ಮಲಗುತ್ತೇನೆ, ಏನೂ ಕೇಳಬೇಡವೆಂದು ಅವಳಿಗೆ ಹೇಳಿಡು.