ಎಡಗೈ ಕೋಲಾಟ

ಮಯೂರ್ ವಿಹಾರ್, ದೆಹಲಿ, ಮೇ ೨೦೦೬

ಹಂಸಿನಿ,

ಈ ಕಾಗದ ಅಂಚೆಗೆ ಹೋಗುವುದಿಲ್ಲ. ನಿನ್ನ ವಿಳಾಸಕ್ಕಾಗಿ ಯಾರನ್ನೂ ಗೋಗರೆಯಲಾರೆ.

ಇವತ್ತು ಫರೂಖ್‌ನಗರದ ಬೇಸಿಗೆ ಮೇಳದಲ್ಲಿ, ಹಳೆಯ ಶೀಶ್ ಮಹಲಿನ ಅಂಗಳದಲ್ಲಿ, ಊರಿನ ಮಕ್ಕಳಿಗೆ ಕೋಲಾಟ ಕಲಿಸಿದವಳೆಂದು ನನಗೆ ಶಾಲು ಹೊದಿಸಿದರು. ಮೂರು ಬೇಸಿಗೆ ಬಸ್ಸು ಬದಲಿಸಿ ಅಲ್ಲಿಗೆ ಹೋಗಿ ಕಲಿಸಿದವಳು ನೀನು; ನಾನು ಪಕ್ಕದಲ್ಲಿ ಕುಳಿತು ಹಾಡುತ್ತಿದ್ದೆ, ಅಷ್ಟೇ. ಮೈಕು ಕೈಗೆ ಬಂದಾಗಲೂ ನಿನ್ನ ಹೆಸರೆತ್ತಲಿಲ್ಲ. ನನ್ನೊಡನೆ ಜಗಳವಾಡಿ ದೆಹಲಿಯನ್ನೇ ಬಿಟ್ಟುಹೋದವಳ ಹೆಸರನ್ನು ನಾನೇಕೆ ಹೇಳಲಿ?

ಆಮೇಲೆ ಮಕ್ಕಳು ನನ್ನನ್ನೂ ಆಟಕ್ಕೆ ಎಳೆದರು. ಬಲಗೈಯ ಕೋಲನ್ನು ಮುಂದೆ ಚಾಚಿದೆ. ಎದುರಿನ ಹುಡುಗಿ ಕಿಲಕಿಲನೆ ನಕ್ಕಳು: “ಅರೇ ದೀದಿ, ಉಲ್ಟಾ!”

ತಲೆಯೆತ್ತಿ ನೋಡಿದೆ. ಅಷ್ಟೂ ಮಕ್ಕಳು ಎಡಗೈ ಎತ್ತಿ ನನಗಾಗಿ ಕಾಯುತ್ತಿದ್ದರು. ಅವರಲ್ಲಿ ಒಬ್ಬರೂ ಎಡಚರಲ್ಲ, ಹಂಸಿನಿ. ಎಡಚಿ ನೀನು.