ಸದ್ದು ಏನೂ ಇಲ್ಲ

ಏಪ್ರಿಲ್ 29, ಬೆಳಿಗ್ಗೆ 6

ಮೈನಸ್ ಹದಿನೆಂಟು. ಗಾಳಿ ಈಶಾನ್ಯದಿಂದ. ಒಲೆ ಮತ್ತೆ ಹೊಗೆ. ಒಣಮೀನು ಕಚ್ಚಿ ಹಲ್ಲು ನೋವು... ಹೆಂಡತಿ ಬೊಲೆಟೆ ಇದ್ದಿದ್ದರೆ ನೆನೆಸಿ ಕೊಡುತ್ತಿದ್ದಳು. ತೀರಿಹೋಗಿ ಹದಿನಾಲ್ಕು ತಿಂಗಳು.

ಹಿಮದ ಮೇಲಿನ ಈ ಗುಡಿಸಲಿಗೆ ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಅಡುಗೆಗೂ ಕಾವಲಿಗೂ ಹಳಬನೊಬ್ಬ ಬೇಕು ಎಂದರು ಹವಾಮಾನ ಕಚೇರಿಯವರು. ಹೂಂ ಅಂದೆ. ಯಾಕೆ ಅಂದೆನೋ. ಕಾಲೇಜಿನ ಇಂಗ್ಲಿಷ್ ಮೇಷ್ಟ್ರ ಮಾತೊಂದಿತ್ತು — ದಿ ಗಿಲ್ಟಿ ಮ್ಯಾನ್ ಆಲ್ವೇಸ್... ಮುಂದಿನದು ಮರೆತಿದೆ.

ಬಂದಿರುವವಳು ಡಿಟ್ಟೆ. ಡೆನ್ಮಾರ್ಕಿನವಳು. ಹಿಮದಲ್ಲಿ ನೆಟ್ಟ ಕಂಬಗಳನ್ನು ಅಳೆಯುತ್ತಾಳೆ — ಎಷ್ಟು ಬಿತ್ತು, ಎಷ್ಟು ಕರಗಿತು. ಅವಳಪ್ಪ ಟೋರ್ಬೆನ್ ಮಾಡುತ್ತಿದ್ದ ಕೆಲಸವೇ. ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಅವನ ಹಿತ್ತಾಳೆ ಸೀಟಿ. ನೋಡಿದ ಕೂಡಲೇ ಗುರುತು ಸಿಕ್ಕಿತು.

ಏಪ್ರಿಲ್ 30

ಊರಿನಿಂದ ರೇಡಿಯೊದಲ್ಲಿ ಹನ್ಸ್-ಪಾವಿಯಾ, ಬೊಲೆಟೆಯ ತಮ್ಮನ ಮಗ.

"ಮಾವ, ನಿಮ್ಮ ಹೆಂಡ್ತಿಗೆ ಹಲ್ಲು ಬಂತು. ಕೆಳಗಡೆ ಒಂದು."

"ಕಚ್ತಾಳಾ?"

"ನನ್ನ ಬೆರಳು ಬಿಡ್ಲಿಲ್ಲ. ನೀವು ಬರ್ಲಿ ಅಂತ ಕಾಯ್ತಿದಾಳೆ."

ಡಿಟ್ಟೆ ಕಣ್ಣರಳಿಸಿದಳು. ಹೇಳಿದೆ — ಅದು ಅವನ ಕೂಸು, ಹೆಸರು ಬೊಲೆಟೆ. ಸತ್ತವರ ಹೆಸರನ್ನು ಆಮೇಲೆ ಹುಟ್ಟಿದ ಮಗುವಿಗೆ ಇಡುತ್ತೇವೆ, ಹೆಸರಿನ ಜೊತೆ ಅವರೂ ಬರುತ್ತಾರೆ. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

"ನಮ್ಮಪ್ಪನ ಹೆಸರು ಯಾರಿಗೂ ಇಟ್ಟಿಲ್ಲ ಅಜ್ಜಾ. ಹಾಗಾದ್ರೆ ಅವ್ರು ಈಗ ಎಲ್ಲಿದಾರೆ?"

ಒಲೆ ಕೆದಕುತ್ತ ಕೂತೆ.

ಮೇ 4

ಹಳೆಯ ಹವಾಮಾನದ ಪುಸ್ತಕಗಳು ಅಟ್ಟದಲ್ಲಿ ಅವಳಿಗೆ ಸಿಕ್ಕಿವೆ. ಕಂಪ್ಯೂಟರಿಗೆ ಏರಿಸುತ್ತಿದ್ದಳು.

"ಇದು ನಿಮ್ಮ ಕೈಬರಹ ಅಲ್ವಾ? ಎಂಬತ್ತೆಂಟು, ಏಪ್ರಿಲ್ ಹದಿನಾಲ್ಕು. ಅಪ್ಪ ದಾರಿ ತಪ್ಪಿದ ದಿನ."

"ಹೂಂ. ಆಗ ಇಲ್ಲಿ ನಂದೇ ಡ್ಯೂಟಿ."

"ಉಷ್ಣಾಂಶ, ಗಾಳಿ, ಮೋಡ... ದಿನಾ ಅಷ್ಟೇ ಬರ್ದಿದೀರ. ಅವತ್ತು ಮಾತ್ರ ಕೊನೇಲಿ 'ಸದ್ದು ಏನೂ ಇಲ್ಲ' ಅಂತಿದೆ. ಸದ್ದಿಗೆ ಕಾಲಮ್ಮೇ ಇಲ್ವಲ್ಲ."

"ಕಾಫಿ ಆರ್ತಿದೆ," ಅಂದೆ.

"ಕಾಫಿಗೆ ಇನ್ನೂ ನೀರೇ ಇಟ್ಟಿಲ್ಲ ಅಜ್ಜಾ."

ಮೇ 5, ಮಧ್ಯಾಹ್ನ

ಡಿಟ್ಟೆ ಕಂಬಗಳ ಕಡೆ ಹೋಗಿದ್ದಾಳೆ. ಇಲ್ಲಿ ಬರೆದರೆ ಯಾರು ಓದುತ್ತಾರೆ.

ಆ ಏಪ್ರಿಲ್ ಹದಿನಾಲ್ಕರಂದೂ ಮಧ್ಯಾಹ್ನವೇ. ದಟ್ಟ ಮಂಜು. ಒಬ್ಬನೇ ಇದ್ದೆ. ಸೀಟಿ ಕೇಳಿಸಿತು, ಪೂರ್ವದಿಂದ. ಟೋರ್ಬೆನ್ ಹೋದದ್ದು ಪಶ್ಚಿಮಕ್ಕೆ. ಪೂರ್ವದಲ್ಲಿ ಬರೀ ಹಿಮ, ಆಚೆ ಕರಾವಳಿಯವರೆಗೂ. ಅತ್ತಲಿಂದ ಮನುಷ್ಯ ಬರುವುದಿಲ್ಲ.

ಅಜ್ಜಿ ಹೇಳುತ್ತಿದ್ದಳು: ಮನೆಯವರ ಮೇಲೆ ಮುನಿದು ಹಿಮದೊಳಗೆ ನಡೆದುಹೋದವನು ಕಿವಿಟೊಕ್ ಆಗುತ್ತಾನೆ, ಮನುಷ್ಯನಾಗಿ ಉಳಿಯುವುದಿಲ್ಲ. ಮಾತು ಮರೆತಿರುತ್ತಾನೆ, ಸೀಟಿ ಹಾಕುತ್ತಾನೆ. ಬಾಗಿಲು ತೆಗೆದೆಯೋ, ಅವನು ಒಳಗೆ, ನೀನು ಹೊರಗೆ.

ಆಗ ಇಪ್ಪತ್ತೇಳು ವರ್ಷ ನನಗೆ. ಇಂಗ್ಲಿಷ್ ಓದಿದ್ದೆ, ಬ್ಯಾರೋಮೀಟರ್ ಓದುತ್ತಿದ್ದೆ. ಚಿಲಕ ಹಾಕಿಕೊಂಡೆ. ಒಂಬತ್ತು ಸಲ ಊದಿತು. ಆಮೇಲೆ ಇಲ್ಲ.

ಮೂರನೆಯ ದಿನ ಸಿಕ್ಕ. ಮಂಜಿನಲ್ಲಿ ಗುಡಿಸಲು ಕಾಣದೆ ದಾಟಿಹೋಗಿ ಪೂರ್ವದ ಕಡೆ ಹೆಪ್ಪುಗಟ್ಟಿ ಕೂತಿದ್ದ. ಬಾಗಿಲಿನಿಂದ ಇನ್ನೂರು ಹೆಜ್ಜೆ. ಸೀಟಿ ಹಲ್ಲಿನ ನಡುವೆ.

ಬೊಲೆಟೆಗೆ ಮಾತ್ರ ಹೇಳಿದೆ. ಬೈಯಲಿಲ್ಲ. ಆದರೆ ಅವತ್ತಿನಿಂದ ಸಾಯುವವರೆಗೂ ನಮ್ಮ ಮನೆಗೆ ಅವಳು ಚಿಲಕ ಹಾಕಲಿಲ್ಲ. ಬಿರುಗಾಳಿಗೆ ಬಾಗಿಲು ತೆರೆದುಕೊಂಡು ಹಾಸಿಗೆವರೆಗೆ ಹಿಮ ಬಂದದ್ದುಂಟು. ಗುಡಿಸಿ ಹಾಕುತ್ತಿದ್ದಳು. ಚಿಲಕ ಮುಟ್ಟುತ್ತಿರಲಿಲ್ಲ.

ಮೇ 10, ಬೆಳಿಗ್ಗೆ

ನಾಳೆ ಡಿಟ್ಟೆಗೆ ಹೆಲಿಕಾಪ್ಟರ್. ಇವತ್ತು ಕೊನೆಯ ಕಂಬ.

"ಸಂಜೆ ನಿನಗೊಂದು ಮಾತು ಹೇಳೋದಿದೆ ಮಗಳೇ."

"ಈಗ್ಲೇ ಹೇಳಿ."

"ಸಂಜೆ."

"ಆಗ್ಲಿ. ಕಾಫಿ ಆರೋಕೆ ಮುಂಚೆ ಹೇಳ್ಬಿಡಿ ಮತ್ತೆ," ಅಂದು ಟೋಪಿ ಎಳೆದುಕೊಂಡು ಹೋದಳು. ಪಶ್ಚಿಮಕ್ಕೆ.

ಅದೇ ದಿನ, 3 ಗಂಟೆ

ಮಂಜು ಇಳಿದಿದೆ. ಬಾಗಿಲ ಮುಂದಿನ ಬಾವುಟವೇ ಕಾಣದು. ಒಂದು ಗಂಟೆಯಿಂದ ಅವಳ ರೇಡಿಯೊ ಮಾತಾಡುತ್ತಿಲ್ಲ.

ಊರಿನಿಂದ ಹನ್ಸ್-ಪಾವಿಯಾ ಅಂದ: "ಈ ಮಂಜಲ್ಲಿ ಯಾರೂ ಹಾರಿ ಬರಕ್ಕಾಗಲ್ಲ. ಮಾವ, ನೀವು ಹೊಸ್ತಿಲು ದಾಟ್ಬೇಡಿ. ಕೇಳಿಸ್ತಾ?"

ಕೇಳಿಸಿತು.

3.40

ಹಳೆಯ ಪುಸ್ತಕ ತೆಗೆದೆ. ಏಪ್ರಿಲ್ 14ರ ಸಾಲಿನ ಕೆಳಗೆ ಬರೆದೆ: ಸೀಟಿ ಕೇಳಿಸಿತ್ತು. ಒಂಬತ್ತು ಸಲ. ಬಾಗಿಲು ತೆಗೆಯಲಿಲ್ಲ. ಸಹಿ ಹಾಕಿ ಮೇಜಿನ ಮೇಲೆ ತೆರೆದಿಟ್ಟಿದ್ದೇನೆ. ನಾನಿರಲಿ ಇಲ್ಲದಿರಲಿ, ಓದಲಿ.

4.05

ಸೀಟಿ.

ಅದೇ ಹಿತ್ತಾಳೆ. ಪೂರ್ವದಿಂದ.

ಅವಳೋ. ಅವನೋ. ಅಜ್ಜಿ ಹೇಳಿದವನೋ... ಮತ್ತೆ ಊದಿತು. ನಾಲ್ಕು ಸಲ ಆಯಿತು.

ಚಿಲಕ ತೆಗೆದೆ, ಬೊಲೆಟೆ. ಹಗ್ಗದ ಒಂದು ತುದಿ ಬಾಗಿಲ ಕಂಬಕ್ಕೆ, ಒಂದು ಸೊಂಟಕ್ಕೆ. ಇನ್ನೂರು ಹೆಜ್ಜೆಗೆ ಸಾಲುತ್ತದೆ. ಬಡಿಯಲು ಪಾತ್ರೆ, ಸೌಟು.

ಮೈನಸ್ ಹನ್ನೊಂದು. ಗಾಳಿ ಇಲ್ಲ. ಮಂಜು. ಸದ್ದು —