ತವರಿನಿಂದ ಎರಡು ದೀಪ

ಫೂಝೌ, ನಾನ್‌ಹೌ ಬೀದಿ
೧೯೮೬, ಚಾಂದ್ರವರ್ಷದ ಮೊದಲ ತಿಂಗಳು, ಹನ್ನೆರಡು

ಮುದ್ದು ಮಗಳು ಬೀಯುನ್‌ಗೆ,

ಹೊಸ ವರ್ಷ ಬಂದರೂ ಅಮ್ಮ ಒಂದು ಸಾಲು ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀ. ಮುನಿಸಿಕೋ, ತಪ್ಪೇನಿಲ್ಲ. ಅಂಚೆಗೆ ಹಾಕಲು ನನಗೆ ಧೈರ್ಯವಾಗಲಿಲ್ಲ ಕಣೇ. ನೀನಿರುವ ದ್ವೀಪದ ಕಡೆಯಿಂದ ಮೀನು ತರುವ ಲಿನ್ ಇವತ್ತು ಸಿಕ್ಕಿದಳು, ಅವಳ ಬುಟ್ಟಿಯ ತಳದಲ್ಲಿಟ್ಟು ಕಳಿಸುತ್ತಿದ್ದೇನೆ. ಓದಿದ ಮೇಲೆ ಒಲೆಗೆ ಹಾಕು. ಏಳು ತಿಂಗಳ ಬಸುರಿ ತಣ್ಣನೆಯ ನೆಲದಲ್ಲಿ ಮಲಗಬಾರದು, ಸೋದರತ್ತೆಗೆ ಹೇಳಿ ಮಂಚ ಕೇಳಿಕೋ. ಬಾತುಮೊಟ್ಟೆ, ಬಾಣಂತನಕ್ಕೆಂದು ಕೆಂಪಕ್ಕಿಯ ಮದ್ಯ ಕಳಿಸಿದ್ದೇನೆ. ಮದ್ಯವನ್ನು ಈಗಲೇ ಮುಟ್ಟಬೇಡ.

ಬೀದಿಯಲ್ಲಿ ಈ ಸಲ ಕಾಲಿಡಲು ಜಾಗವಿಲ್ಲ. ಮೊಲ, ಕಮಲ, ಕುದುರೆ, ಎಲ್ಲ ಗೂಡುದೀಪಗಳೂ ನೇತುಹಾಕುವುದೇ ತಡ, ಹೋಗುತ್ತವೆ. ನಿಮ್ಮಪ್ಪನ ಬೆರಳಿಗೆ ಬಿದಿರಿನ ಸಿಬಿರು ಚುಚ್ಚಿ ಊದಿಕೊಂಡಿದೆ. ಆದರೂ ಬಾಯಿಗೇನೂ ಬಿಡುವಿಲ್ಲ. ಅಲ್ಲ, ಮೊನ್ನೆಯವರೆಗೆ ಇರಲಿಲ್ಲ. ಈಗ ಮಾತೇ ಇಲ್ಲ. ಅದನ್ನು ಹೇಳಲೆಂದೇ ಕೂತೆ, ಪೀಠಿಕೆ ಹಾಕುತ್ತಿದ್ದೇನೆ ನೋಡು.

ಅರವತ್ತಕ್ಕೆ ಅರಳುಮರಳು ಎನ್ನುವುದು ಸುಳ್ಳಲ್ಲ. ಮಗಳ ಮನೆಯಲ್ಲಿ ಎಷ್ಟು ಮಕ್ಕಳೋ ತವರಿನಿಂದ ಅಷ್ಟು ದೀಪ ಹೋಗಬೇಕು, ಅದನ್ನು ಕೇರಿಯೆಲ್ಲ ಎಣಿಸುತ್ತದೆ, ನಿನಗೆ ಗೊತ್ತಲ್ಲ. ಈ ವರ್ಷವೂ ಒಂದೇ ಒಯ್ಯಿರಿ, ನಮ್ಮ ಮೊಮ್ಮಗಳು ಯಿಂಗ್‌ಗೆ ಒಂದು ಮೀನಿನ ದೀಪ ಸಾಕು ಎಂದು ಬಾಯಿ ನೋಯುವಷ್ಟು ಹೇಳಿದ್ದೆ. ಹೂಂ ಹೂಂ ಎಂದರು. ಏಳನೆಯ ದಿನ ನಿನ್ನ ಗಂಡನ ಮನೆಗೆ ಹೋಗುವಾಗ ಮೀನಿನ ದೀಪದ ಹಿಂದೆ ಇನ್ನೊಂದನ್ನೂ ಕೋಲಿಗೆ ಕಟ್ಟಿಕೊಂಡಿದ್ದರು. ಬೋಗುಣಿಯಲ್ಲಿ ಕೂತ ಕೂಸಿನ ದೀಪ. ಹೊಸದಾಗಿ ಹುಟ್ಟಿದ ಮಗುವಿಗೆ ಕೊಡುವುದು. ಮೇಲೆ ಬಟ್ಟೆ ಹೊದಿಸಿದ್ದರಂತೆ, ಮಹಾ ಜಾಣ.

ನಿನ್ನತ್ತೆಯಾದರೂ ಒಳಗಿಡಬಾರದೇ? ದೀಪ ಕಂಡದ್ದೇ ಅಳುತ್ತಾ ನಗುತ್ತಾ ಎರಡನ್ನೂ ಬಾಗಿಲಿಗೆ ತೂಗಿಹಾಕಿದರು. ಹುಟ್ಟಿದಾಗಿನಿಂದ ಮಾಡಿದ್ದನ್ನು ಕೈ ತಾನೇ ಮಾಡಿಬಿಟ್ಟಿತು ಎಂದು ಈಗ ಹಣೆ ಚಚ್ಚಿಕೊಳ್ಳುತ್ತಾರೆ.

ಮರುದಿನ ಬೆಳಿಗ್ಗೆ ಕೇರಿಯ ಹೆಂಗಸರ ಉಸ್ತುವಾರಿ ನೋಡುವ ವೆಂಗ್ ಚಹಾದ ಲೋಟ ಹಿಡಿದು ಬಾಗಿಲ ಮುಂದೆ ನಿಂತಳಂತೆ. ಒಂದು, ಎರಡು ಎಂದು ಬೆರಳು ಮಾಡಿ ಎಣಿಸಿದಳಂತೆ. "ಈ ಮನೇಲಿ ಒಂದೇ ಕೂಸು ಅಲ್ವಾ? ಸೊಸೆ ಅವಳ ಸೋದರತ್ತೆ ಆರೈಕೆಗೆ ಅಂತ ಹೋಗಿ ಎಷ್ಟು ದಿನ ಆಯ್ತು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದಳು. ಸಂಜೆಯ ಹೊತ್ತಿಗೆ ಕಚೇರಿಯವರು ಇಬ್ಬರು ಬಂದರು. ಸುದ್ದಿ ಕೇಳಿ ಓಡಿದ್ದ ನಾನೂ ಅಲ್ಲೇ ಇದ್ದೆ. ಬೇರೆ ಗಿರಾಕಿಯ ದೀಪ, ನಮ್ಮ ಮುದುಕ ಮರೆತು ತಂದರು ಎಂದೆ. ಆ ಗಿರಾಕಿಯ ಹೆಸರು ಹೇಳು ಎಂದರು. ಮನೆಗೆ ಒಂದೇ ಮಗು ಎನ್ನುವ ಸರ್ಕಾರದ ನಿಯಮ ಮರೆತುಹೋಯಿತೇ, ಎರಡನೆಯದಿದ್ದರೆ ತಿಂಗಳು ಎಷ್ಟಾಗಿದ್ದರೂ ಆಸ್ಪತ್ರೆಗೆ ಕರೆದೊಯ್ದು ತೆಗೆಸುತ್ತೇವೆ, ಜಿನ್‌ಹಾಯ್‌ನ ಕಾರ್ಖಾನೆ ಕೆಲಸವೂ ಹೋಗುತ್ತದೆ ಎಂದು ಯಿಂಗ್‌ಳ ಎದುರಿಗೇ ಹೇಳಿದರು. ನಿನ್ನ ಗಂಡ ತಲೆ ತಗ್ಗಿಸಿ ನಿಂತೇ ಇದ್ದ.

ಮನೆಗೆ ಬಂದು ನಿಮ್ಮಪ್ಪನ ಮೇಲೆ ಹರಿಹಾಯ್ದೆ. ಅವರು ಅಂಟಿನ ಬಟ್ಟಲು ನೋಡುತ್ತಲೇ ಹೇಳಿದರು: "ಹೊಟ್ಟೇಲಿರೋದೂ ಮಗೂನೇ ಅಲ್ವೇನೇ? ಲೆಕ್ಕಕ್ಕೆ ಸೇರಿಸದೇ ಬಿಟ್ರೆ, ತಾತಂಗೆ ನಾನು ಬೇಡ ಅಂದ್ಕೊಳಲ್ವಾ?" ಆಮೇಲೆ ಅವರು ಅಂಗಡಿಗೆ ಹೋಗಿಲ್ಲ.

ನನಗೆ ಭಯ ಬೀಯುನ್. ಸೈಕಲ್ ಗಂಟೆ ಕೇಳಿದರೂ ಎದ್ದು ಬಾಗಿಲಿಗೆ ಅಗಳಿ ಹಾಕುತ್ತೇನೆ. ನಿನ್ನ ಸೋದರತ್ತೆಯ ಊರು ಯಾವುದೆಂದು ವೆಂಗ್ ಪಕ್ಕದ ಮನೆಯಲ್ಲಿ ವಿಚಾರಿಸಿದ್ದಾಳಂತೆ. ಅಲ್ಲಿ ಇನ್ನು ಇರಬೇಡ. ಲಿನ್‌ಳ ಅಕ್ಕನ ಮನೆ ಆಚೆ ಕೊಲ್ಲಿಯಲ್ಲಿದೆ, ದೋಣಿಯಲ್ಲೇ ಹೋಗಬೇಕು, ಅವಳೇ ಕರೆದೊಯ್ಯುತ್ತಾಳೆ. ಕತ್ತಲಾಗುವ ಮೊದಲೇ ಹೊರಡು. ದೀಪದ ಹಬ್ಬಕ್ಕೆ ಯಿಂಗ್‌ಳನ್ನು ನೋಡಬೇಕೆಂದು ಬಂದುಬಿಟ್ಟೀಯೆ, ನಿನ್ನ ಹಟ ನನಗೆ ಗೊತ್ತು. ನಿನ್ನ ಕಾಲು ಹಿಡಿಯುತ್ತೇನೆ, ಬರಬೇಡ. ದೋಣಿಯಲ್ಲಿ ಹುಷಾರು. ನೋವು ಬಂದರೆ ಅಂಜಬೇಡ, ಲಿನ್‌ಳ ಅಕ್ಕ ಸೂಲಗಿತ್ತಿ.

ಗಂಡೋ ಹೆಣ್ಣೋ, ಕೈಕಾಲು ಗಟ್ಟಿಯಿರುವ ಕೂಸು ನಿನ್ನ ಮಡಿಲಿಗೆ ಬರಲಿ. ಸಮುದ್ರದ ತಾಯಿ ನಿಮ್ಮಿಬ್ಬರನ್ನೂ ಸೆರಗಿನಲ್ಲಿ ಮುಚ್ಚಿಕೊಳ್ಳಲಿ.

ನಿನ್ನ
ಅಮ್ಮ

ಇದನ್ನು ಮೇಲೆ ಮರೆತು ಬಿಟ್ಟದ್ದಲ್ಲ, ಬರೆಯಬಾರದೆಂದಿದ್ದೆ. ಬರೆಯದೆ ಇರಲಾಗುತ್ತಿಲ್ಲ. ಕಚೇರಿಯವರು ಹೋದ ಮೇಲೆ ನಿನ್ನತ್ತೆ ದೀಪಗಳೆರಡನ್ನೂ ಒಳಗೆ ತಂದಿಟ್ಟಿದ್ದರು. ಯಿಂಗ್ ತನ್ನ ಮೀನಿನ ದೀಪವನ್ನು ತುಳಿದು, ಕಡ್ಡಿಗಳನ್ನೆಲ್ಲ ಒಲೆಗೆ ಹಾಕಿದಳು. ತಾತ ಮಾಡಿದ್ದನ್ನು ಯಾಕೆ ಮುರಿದೆ ಎಂದು ಬೈದೆ. "ಮನೆಗೆ ಒಂದೇ ಅಂದ್ರಲ್ಲ ಅಜ್ಜಿ. ಪಾಪುದು ಇರ್ಲಿ. ನಾನು ನಿಮ್ಮನೇಲಿ ಇರ್ತೀನಿ, ಯಾರಾದ್ರೂ ಕೇಳಿದ್ರೆ ನಾನು ಬೇರೆಯವರ ಮಗು ಅಂತ ಹೇಳಿ" ಎಂದಳು. ಅಂದಿನಿಂದ ನಮ್ಮಲ್ಲೇ ಇದ್ದಾಳೆ. ನಿನ್ನೆ ಜಿನ್‌ಹಾಯ್ ಮಗಳನ್ನು ನೋಡಲು ಬಂದಿದ್ದ. ಬೀದಿಯಲ್ಲಿ ಜನರಿದ್ದರು. ಯಿಂಗ್ ಅವನನ್ನು ‘ಮಾಮ’ ಎಂದು ಕರೆದಳು.